ಬುಧವಾರ ಎರಡು ದಿನ ಮುಂದಕ್ಕೆ ಹೋದರೆ ಯಾವ ವಾರ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ 'ಪುಟ್ ಆಫ್ ಅಂದರೆ ಪೋಸ್ಟ್‌ಪೋನ್, ಮುಂದೂಡು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ತಪ್ಪೇನಿಲ್ಲ. ಆದರೆ ನಾನು ಈ ಪದದ ಜೊತೆ 31 ವರ್ಷ ಏಗಿದವನು. ತಾಲ್ಲೂಕು ಕೋರ್ಟುಗಳಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು, ಶಿರಸ್ತೇದಾರನಾಗಿ ನಿವೃತ್ತನಾದೆ. 'ಮುಂದಕ್ಕೆ ಹಾಕೋದೇ ನಿಮ್ಮ ಕಸುಬು' ಎಂದು ಮನೆಯವಳು ಈಗಲೂ ಹಂಗಿಸುತ್ತಾಳೆ. ಹಾಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ನನ್ನ ತಂಗಿ ಮಗನ ವಿಷಯ. ಬೆಂಗಳೂರಿನ ಒಂದು ಕಂಪನಿಯಲ್ಲಿ ಬುಧವಾರ ಇಂಟರ್‌ವ್ಯೂ ಇತ್ತು. ಶನಿವಾರ ಒಂದು ಮೇಲ್ ಬಂತು. ಇಂಟರ್‌ವ್ಯೂ 'ಬ್ರಾಟ್ ಫಾರ್ವರ್ಡ್ ಬೈ ಟು ಡೇಸ್' ಅಂತ ಅದರಲ್ಲಿತ್ತು. ಹುಡುಗ ಓದಿ ಖುಷಿಪಟ್ಟ. 'ಮಾವ, ಎರಡು ದಿನ ಮುಂದಕ್ಕೆ ಹಾಕಿದ್ದಾರೆ, ಓದೋಕೆ ಟೈಮ್ ಸಿಕ್ತು' ಅಂದ. ನಾನೂ ಒಳ್ಳೇದಾಯ್ತು ಬಿಡಪ್ಪ ಅಂದೆ. ಶುಕ್ರವಾರ ಇಸ್ತ್ರಿ ಶರಟು ಹಾಕಿಕೊಂಡು ಬೆಳಗಿನ ರೈಲಿಗೆ ಹೋದ. ಗೇಟಿನಲ್ಲಿದ್ದ ಸೆಕ್ಯುರಿಟಿಯವನು ರಿಜಿಸ್ಟರ್ ನೋಡಿ, 'ಅದು ಸೋಮವಾರವೇ ಮುಗೀತಲ್ಲ ಸರ್' ಅಂದನಂತೆ.

ಹುಡುಗ ದಡ್ಡನಲ್ಲ. ಅವನು ಆ ಮಾತನ್ನು ಕನ್ನಡದಲ್ಲಿ ಓದಿದ, ಅಷ್ಟೇ. ನಮಗೆ ಮುಂದಿನ ವಾರ ಅಂದರೆ ಇನ್ನೂ ಬರಬೇಕಾದ ವಾರ. ಅದಕ್ಕೇ ಮುಂದಕ್ಕೆ ಹಾಕಿದರು ಅಂದರೆ ತಡವಾಗಿ ಇಟ್ಟರು ಅಂತ. ಇಂಗ್ಲಿಷಿನವರು ಬ್ರಿಂಗ್ ಫಾರ್ವರ್ಡ್ ಅಂದರೆ ದಿನವನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡರು, ಬೇಗ ಇಟ್ಟರು ಅಂತ. ಅವರ ಪುಟ್ ಆಫ್ ನಮ್ಮ ಮುಂದಕ್ಕೆ ಹಾಕು. ಅವರ ಬ್ರಿಂಗ್ ಫಾರ್ವರ್ಡ್ ಅದಕ್ಕೆ ಪೂರಾ ಉಲ್ಟಾ. 'ಮುಂದೆ' ಎನ್ನುವ ಅರ್ಥದ ಫಾರ್ವರ್ಡ್ ಅಲ್ಲಿ ಕೂತಿರುವುದೇ ಎಡವಟ್ಟಿಗೆ ಕಾರಣ.

ಅವರಲ್ಲೂ ಎಲ್ಲ ಸರಿಯಾಗಿದೆ ಅಂದುಕೊಳ್ಳಬೇಡಿ. 'ಬುಧವಾರದ ಸಭೆಯನ್ನು ಎರಡು ದಿನ ಮೂವ್ ಫಾರ್ವರ್ಡ್ ಮಾಡಿದ್ದಾರೆ, ಸಭೆ ಯಾವತ್ತು?' ಎಂದು ಅಮೆರಿಕದಲ್ಲಿ ಜನರನ್ನು ಕೇಳಿ ನೋಡಿದ್ದಾರೆ. 2002ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ಇಂಗ್ಲಿಷೇ ಮನೆಮಾತಾದವರ ಕಥೆ ಇದು! ನಮ್ಮಲ್ಲೂ 'ಮುಂದೆ' ಅಂದರೆ ಆಮೇಲೆ, 'ಮುಂಚೆ' ಅಂದರೆ ಮೊದಲು. ಎರಡೂ ಒಂದೇ 'ಮುನ್' ಬೇರಿನಿಂದ ಹುಟ್ಟಿದ ಅಣ್ಣತಮ್ಮಂದಿರು, ಹೋಗುವುದು ಮಾತ್ರ ಒಬ್ಬ ಪೂರ್ವಕ್ಕೆ ಒಬ್ಬ ಪಶ್ಚಿಮಕ್ಕೆ. ಈ ತಾಪತ್ರಯ ಬೇಡ ಅಂತಲೋ ಏನೋ, ನಮ್ಮ ದೇಶದವರು 'ಗೊತ್ತಾದ ದಿನಕ್ಕಿಂತ ಮುಂಚೆಯೇ ಇಡು' ಎನ್ನುವ ಅರ್ಥದ ಪ್ರಿಪೋನ್ ಪದವನ್ನು ಬಾಯಿಗೆ ಹಾಕಿಕೊಂಡರು. ಅದನ್ನು ಕೇಳಿ ನಗುವವರಿದ್ದಾರೆ. ನನಗಂತೂ ಅದು ಚೊಕ್ಕ ಪದ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಇದೆ. ಆ ಮೇಲ್‌ನಲ್ಲಿ ಪ್ರಿಪೋನ್ ಅಂತಿದ್ದಿದ್ದರೆ ನಮ್ಮ ಹುಡುಗ ಸೋಮವಾರವೇ ಹೋಗಿರುತ್ತಿದ್ದ.

ಇನ್ನು ಪುಟ್ ಆಫ್‌ನ ಸಮಾನಪದಗಳು. ಪೋಸ್ಟ್‌ಪೋನ್ ಲ್ಯಾಟಿನ್ ಮೂಲದ್ದು. ಪೋಸ್ಟ್ ಅಂದರೆ ಆಮೇಲೆ, ಪೊನೆರೆ ಅಂದರೆ ಇಡುವುದು. ಆಮೇಲಕ್ಕೆ ಇಡು ಅಂತ. ಮಾಡಬೇಕಾದ ಕೆಲಸವನ್ನು ಸುಮ್ಮನೆ ತಳ್ಳುತ್ತಾ ಹೋಗುವುದಕ್ಕೆ ಹೇಳುವ ಪ್ರೊಕ್ರಾಸ್ಟಿನೇಟ್ ಎನ್ನುವ ಉದ್ದದ ಪದದೊಳಗೆ ಕ್ರಾಸ್ ಇದೆ, ಲ್ಯಾಟಿನ್ನಿನಲ್ಲಿ ಹಾಗೆಂದರೆ 'ನಾಳೆ'. ನಮ್ಮವರು ನಾಳೆ ಎಂದವನ ಮನೆ ಹಾಳು ಅಂದಾಗ ಬೈದದ್ದೂ ಈ ಚಾಳಿಯನ್ನೇ. ನನಗೆ ಇಷ್ಟವಾದದ್ದು ಅಡ್ಜರ್ನ್. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥ ಒಂದು ದಿನ ಗೊತ್ತುಮಾಡು ಎಂದು. ಕೋರ್ಟಿನಲ್ಲಿ ನಾವು ದಿನಾ ಹೇಳುತ್ತಿದ್ದದ್ದು ಇದೇ ಅಲ್ವಾ? 'ವಾಯಿದೆ ಆಯ್ತು', 'ಡೇಟ್ ಕೊಟ್ರು'. ಹಾಗೆ ನೋಡಿದರೆ ಅಡ್ಜರ್ನ್‌ಗೆ ಸರಿಯಾದ ಕನ್ನಡ ವಾಯಿದೆಯೇ ಹೊರತು ಮುಂದೂಡಿಕೆ ಅಲ್ಲ. (ಸಿವಿಲ್ ಪ್ರೊಸೀಜರ್ ಕೋಡಿನ 17ನೇ ಆರ್ಡರಿನಲ್ಲಿ ದಾವೆಯ ವಿಚಾರಣೆ ನಡೆಯುವಾಗ ಒಬ್ಬ ಕಕ್ಷಿದಾರನಿಗೆ ಮೂರು ಸಲಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಎಂದಿದೆ. ಓದಿ ನಗಬೇಡಿ.)

ಡಿಲೇ ಬೇರೆ. ಬಸ್ಸು ತಡವಾಗುತ್ತದೆ, ಬಸ್ಸನ್ನು ಯಾರೂ ಮುಂದಕ್ಕೆ ಹಾಕುವುದಿಲ್ಲ. ಕಾಲ್ ಆಫ್ ಇನ್ನೂ ಬೇರೆ, ಮಕ್ಕಳು ಎಡವುವುದು ಇಲ್ಲೇ. ಪಿಯು ಓದುತ್ತಿರುವ ಮೊಮ್ಮಗಳಿಗೆ ಪಿಯು ಪರೀಕ್ಷೆಯನ್ನೇ ಇಟ್ಟುಕೊಂಡು ಹೇಳಿಕೊಟ್ಟೆ. 2020ರ ಮಾರ್ಚ್ 23ಕ್ಕೆ ದ್ವಿತೀಯ ಪಿಯು ಇಂಗ್ಲಿಷ್ ಪರೀಕ್ಷೆ ಇತ್ತು. ಕೊರೊನಾ ಬಂದು ಅದು ಜೂನ್ 18ಕ್ಕೆ ಹೋಯಿತು. ಅದು ಪುಟ್ ಆಫ್, ಅದೂ ಇಂಗ್ಲಿಷ್ ಪತ್ರಿಕೆಯದೇ! ಮಾರನೇ ವರ್ಷ ರೆಗ್ಯುಲರ್ ವಿದ್ಯಾರ್ಥಿಗಳಿಗೆ ಪರೀಕ್ಷೆಯೇ ರದ್ದಾಯಿತು. ಅದು ಕಾಲ್ ಆಫ್. ಆ ವರ್ಷದವರ ಅಪ್ಪಅಮ್ಮಂದಿರಿಗೆ ಈ ವ್ಯತ್ಯಾಸ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಮೊಮ್ಮಗಳು ಒಂದು ದಿನ ನನ್ನನ್ನೇ ತಬ್ಬಿಬ್ಬು ಮಾಡಿದಳು. ಹೋಟೆಲಿನಲ್ಲಿ ಮಸಾಲೆದೋಸೆ ಬಂತು. ಚಟ್ನಿ ಬೆಳಗ್ಗೆಯದೋ ಏನೋ, ಹಳಸಲು ವಾಸನೆ. ತಟ್ಟೆ ಪಕ್ಕಕ್ಕೆ ಸರಿಸಿ, 'ಸ್ಮೆಲ್ ಪುಟ್ ಮಿ ಆಫ್, ತಾತ' ಅಂದಳು. ವಾಸನೆ ನಿನ್ನನ್ನು ಯಾವ ತಾರೀಖಿಗೆ ಹಾಕ್ತು ಅಂತ ಕೇಳಿದೆ. ನಕ್ಕು ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡಳು. ತಿನ್ನೋ ಮನಸ್ಸೇ ಹೋಯ್ತು ಅಂತ ಅದರ ಅರ್ಥವಂತೆ. ನಿಮ್ಮ ಪುಟದ ಆ ಒಂದು ಸಾಲನ್ನು ಬಾಯಿಪಾಠ ಮಾಡಿದ ಹುಡುಗ ಇಲ್ಲೂ 'ಮುಂದೂಡು' ಅಂತಲೇ ಬರೆಯುತ್ತಾನೆ. ಈ ಎರಡನೇ ಅರ್ಥವನ್ನೂ ದಯವಿಟ್ಟು ಹಾಕಿ. ಹಾಗೇ, ಅದರ ಮುಂದೆ ಬರುವ ಕ್ರಿಯಾಪದಕ್ಕೆ 'ಇಂಗ್' ಸೇರುತ್ತದೆ, 'ಪುಟ್ ಆಫ್ ಗೋಯಿಂಗ್' ಎನ್ನಬೇಕು, 'ಪುಟ್ ಆಫ್ ಟು ಗೋ' ಅಲ್ಲ ಎಂದು ಒಂದು ಮಾತು ಸೇರಿಸಿದರೆ ಸಾಕು.

ಕನ್ನಡದ ಕಡೆಯೂ 'ಮುಂದೂಡು' ಒಂದರಲ್ಲೇ ಬಾಗಿಲು ಹಾಕಬೇಡಿ. ಅದು ಪತ್ರಿಕೆಯ ಪದ, ಸಭೆ, ಅಧಿವೇಶನ, ಪರೀಕ್ಷೆಗೆ ಚೆನ್ನ. ಮನೆಯಲ್ಲಿ ಯಾರು ಅನ್ನುತ್ತಾರೆ? ಮದುವೆಯನ್ನು ಶ್ರಾವಣಕ್ಕೆ ಇಟ್ಟುಕೊಂಡ್ವಿ ಅನ್ನುತ್ತೇವೆ. ಹಲ್ಲು ಕೀಳಿಸುವುದನ್ನು ಇವತ್ತು ನಾಳೆ ಅಂತ ತಳ್ಳುತ್ತೇವೆ. ಸಾಲ ಕೊಟ್ಟವನು ಬಂದರೆ ಸಬೂಬು ಹೇಳಿ ಸಾಗಹಾಕುತ್ತೇವೆ. ಕೊಡಬೇಕಾದವನು ಹೀಗೆಯೇ ಮಾಡಿದರೆ ಮಾತ್ರ ಸತಾಯಿಸುತ್ತಾನೆ ಅನ್ನುತ್ತೇವೆ! ಇಂಗ್ಲಿಷಿನಲ್ಲಿ ಇಷ್ಟಕ್ಕೂ ಪುಟ್ ಆಫ್ ನಡೆಯುತ್ತದೆ. ಮಕ್ಕಳಿಗೆ ಅದು ಗೊತ್ತಾದರೆ ಪದ ತಾನಾಗೇ ನಾಲಿಗೆಗೆ ಬರುತ್ತದೆ.

ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ. ನಿಮ್ಮ ಪ್ರಕಟಣೆಗಳಲ್ಲಿ ಸುಮ್ನೆ 'ಮುಂದೂಡಲಾಗಿದೆ' ಎಂದು ಬಿಡಬೇಡಿ. ಹಳೆಯ ತಾರೀಖು, ಹೊಸ ತಾರೀಖು, ವಾರ, ಮೂರನ್ನೂ ಹಾಕಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಜಮೀನಿನ ವ್ಯಾಜ್ಯಕ್ಕೆ ಬರುತ್ತಿದ್ದ ಒಬ್ಬ ಅಜ್ಜನಿಗೆ ನಾನು 'ನಿಮ್ಮ ಕೇಸು ಮುಂದಕ್ಕೆ ಹೋಯ್ತು' ಅಂದಿದ್ದೆ. ಅಜ್ಜ ಕೈಮುಗಿದು, 'ಅಂತೂ ಮುಂದಕ್ಕೆ ಹೋಯ್ತಲ್ಲ ಸಾಮಿ, ಆರು ವರ್ಷದಿಂದ ನಿಂತಲ್ಲೇ ನಿಂತಿತ್ತು' ಎಂದು ನನಗೆ ಎರಡು ಎಳನೀರು ಕೊಡಲು ಬಂದ. ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಬಾಯಿ ಒಣಗಿತ್ತು. ಅವತ್ತಿನಿಂದ ರಿಟೈರ್ ಆಗುವ ತನಕ ನಾನು ಕಕ್ಷಿದಾರರಿಗೆ ಮುಂದೆ, ಹಿಂದೆ ಎನ್ನಲಿಲ್ಲ. ಚೀಟಿಯಲ್ಲಿ ತಾರೀಖು, ವಾರ ಬರೆದು, 'ಅಮಾವಾಸ್ಯೆ ಆಗಿ ಮೂರನೇ ದಿನ' ಎಂದು ಬಾಯಲ್ಲೂ ಹೇಳಿ ಕಳಿಸುತ್ತಿದ್ದೆ.

ಇತಿ,
ನಿವೃತ್ತ ಶಿರಸ್ತೇದಾರ, ತಿಪಟೂರು