ಬಸ್ ಇಳಿದ ಮೇಲಿನ ದಾರಿ

ಬೆಳಗಾವಿ

ಪ್ರೀತಿಯ ಬಸು,

"ನಿಮ್ಮೂರು ಈಗ ಸ್ಮಾರ್ಟ್ ಸಿಟಿ ಅಲ್ವಾ?" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಹೌದು. 2016ರ ಜನವರಿಯಲ್ಲಿ ಬಂದ ಮೊದಲ 20 ಊರುಗಳ ಪಟ್ಟಿಯಲ್ಲೇ ಬೆಳಗಾವಿ ಇತ್ತು. ಕೆಲವು ರಸ್ತೆಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಬಸ್ ಇಳಿದು ನಡೆದು ಹೊರಟವರ ಪಾಡು ಬೇರೆ.

ಅವ್ವನ ಮೊಣಕಾಲು ನಿನಗೆ ಗೊತ್ತೇ ಇದೆ. ಮೊನ್ನೆ ಬೈಲಹೊಂಗಲದಿಂದ ದವಾಖಾನೆಗೆ ಅಂತ ಬಂದಿದ್ದಳು. ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ, ನಡೆದೇ ಹೋಗೋಣ ಅಂದೆವು. ಫುಟ್‌ಪಾತ್ ಎಷ್ಟು ಎತ್ತರ ಅಂದರೆ, ನನ್ನ ಹೆಗಲು ಹಿಡಿದು ಒಂದು ಕಾಲು ಮೇಲಿಟ್ಟು ಇನ್ನೊಂದನ್ನು ಎಳೆದುಕೊಂಡಳು. ಸ್ವಲ್ಪ ಮುಂದೆ ಸಾಲಾಗಿ ಬೈಕು. ಇಳಿದಳು. ಮತ್ತೆ ಹತ್ತಿದಳು. ಅಲ್ಲಿ ಗಟಾರದ ಮೇಲಿನ ಕಲ್ಲೇ ಇಲ್ಲ. "ಬ್ಯಾಡಪಾ, ರೋಡಿನ್ಯಾಗ ಹೋಗೂಣು" ಅಂದಳು. ಬೆನ್ನ ಹಿಂದೆ ಬಸ್ಸಿನ ಹಾರ್ನು. ಕೊನೆಗೆ ಆಟೋ ಹಿಡಿದೆವು.

ನನಗೆ ಸಂಕಟ ಆಗಿದ್ದು ಇದಕ್ಕೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಗೋಕಾಕ, ಸವದತ್ತಿ ಕಡೆಯಿಂದ ಸಂತೆಗೆ, ಕೆಲಸಕ್ಕೆ, ದವಾಖಾನೆಗೆ ಬರ್ತಾರೆ. ಅಷ್ಟು ದೂರ ಪುಕ್ಕಟೆ ಬಂದವರು ಹತ್ತು ನಿಮಿಷದ ದಾರಿಗೆ ದುಡ್ಡು ಕೊಡಬೇಕು, ನಡೆಯೋಕೆ ಜಾಗ ಇಲ್ಲ ಅಂತ. ಫುಟ್‌ಪಾತ್ ಸರಿ ಇಲ್ಲದಿದ್ದರೆ ಬಸ್ಸಿನ ವ್ಯವಸ್ಥೆಯೇ ಅರ್ಧ.

ಕುರುಡರಿಗೆ ಅಂತ ಹಳದಿ ಟೈಲ್ಸ್ ಹಾಕಿದ್ದಾರೆ. ಉದ್ದ ಗೆರೆ ಇದ್ದರೆ ನೇರ ಹೋಗು ಅಂತ, ಚುಕ್ಕಿ ಇದ್ದರೆ ನಿಲ್ಲು, ಮುಂದೆ ಏನೋ ಇದೆ ಅಂತ. ಒಂದು ಕಡೆ ಉದ್ದ ಗೆರೆಯೇ ಸೀದಾ ಹೋಗಿ ಲೈಟ್ ಕಂಬಕ್ಕೆ ಮುಟ್ಟಿದೆ. ಅದನ್ನೇ ನಂಬಿ ಬಂದವರ ಹಣೆ ಏನಾಗಬೇಕು ಹೇಳು.

ಇದಕ್ಕೆ ಅಳತೆ ಇಲ್ಲ ಅಂತಲ್ಲ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಹೇಳಿದೆ: ಫುಟ್‌ಪಾತಿನ ಎತ್ತರ 15 ಸೆಂ.ಮೀ. ದಾಟಬಾರದು, ಅಡ್ಡಿ ಇಲ್ಲದ ಅಗಲ ಕನಿಷ್ಠ 1.8 ಮೀಟರ್, ವಾಣಿಜ್ಯ ಪ್ರದೇಶದಲ್ಲಿ 2.5 ಮೀಟರ್. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತಿನಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ, ಭಾಗ ಅಂತಲೇ ಹೇಳಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ 32,825 ಪಾದಚಾರಿಗಳು ಸತ್ತಿದ್ದಾರೆ. ಕೇಂದ್ರ ಸರ್ಕಾರದ್ದೇ ಲೆಕ್ಕ ಇದು.

ಹಣ್ಣಿನ ಗಾಡಿಯವರನ್ನು ಎತ್ತಿಹಾಕಿದರೆ ಸರಿಹೋಗುತ್ತೆ ಅನ್ನೋರು ಇದ್ದಾರೆ. ನಾನು ಒಪ್ಪಲ್ಲ. ಅವರಿಗೆ ಜಾಗ ಗುರುತಿಸಿಕೊಡಿ ಅಂತ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯೇ ಇದೆ. ಜಾಸ್ತಿ ಜಾಗ ತಿನ್ನೋದು ನಿಂತ ಬೈಕು, ಕಾರು. ಅವಕ್ಕೆ ಯಾರೂ ಏನೂ ಅನ್ನಲ್ಲ.

ದೀಪಾವಳಿಗೆ ಬರುವಾಗ ನಿನ್ನ ಅಳತೆ ಟೇಪ್ ತಗೊಂಡು ಬಾ. ಸಿವಿಲ್ ಓದಿದವನು ನೀನು, ನಿನ್ನ ನಕ್ಷೆಗೆ ತೂಕ ಇರುತ್ತೆ. ಸ್ಟ್ಯಾಂಡ್ ಗೇಟಿನಿಂದ ದವಾಖಾನೆವರೆಗೆ ಅಳೆದು, ಫೋಟೋ ಹಚ್ಚಿ ಅರ್ಜಿ ಕೊಡೋಣ. ಓಣಿಯ ನಾಲ್ಕೈದು ಜನ ಸಹಿ ಹಾಕ್ತೀವಿ ಅಂದಿದ್ದಾರೆ. ಯಾವ ದಿನ ಬರ್ತೀಯ, ತಿಳಿಸು.

ನಿನ್ನ
ಶಿವು