ಘಮ ಬಿಡು, ಲೆಕ್ಕ ಬರೆ

ಶಂಕರಪುರದ ಹುಡುಗಿಗೆ,

ನಿನ್ನ ಕವರು ಬಂದು ಹದಿನೈದು ದಿನ ಆಯ್ತು. ತಡವಾಯಿತು, ಬೇಜಾರು ಮಾಡಬೇಡ. ಕಣ್ಣಿನ ಪೊರೆ ತೆಗೆಸಿದ್ದೇನೆ, ಸ್ವಲ್ಪ ದಿನ ಓದಬೇಡಿ ಅಂತ ಡಾಕ್ಟರು ಹೇಳಿದ್ದರು. ಕದ್ದು ಓದಿದೆ. ಮೊದಲೇ ಹೇಳಿಬಿಡುತ್ತೇನೆ, ನಿನ್ನ ಲೇಖನವನ್ನು ಎರಡು ಸಲ ಕೆಳಗಿಟ್ಟೆ. ಒಮ್ಮೆ ಚಾ ಮಾಡಲು ಎದ್ದೆ. ಇನ್ನೊಮ್ಮೆ ಯಾಕೆ ಎದ್ದೆ ಅಂತ ನೆನಪಿಲ್ಲ. ಆದರೆ ಅದರ ಜೊತೆ ಪಿನ್ ಹಾಕಿ ಒಂದು ಪತ್ರ ಕಳಿಸಿದ್ದೀಯಲ್ಲ, ಅದನ್ನು ನಿಂತಲ್ಲೇ ಓದಿ ಮುಗಿಸಿದೆ. ಒಲೆ ಮೇಲಿದ್ದ ಹಾಲು ಉಕ್ಕಿ ಹೋಯಿತು.

"ನಾನು ಬರೆದದ್ದನ್ನು ಯಾರೂ ಕೊನೇ ತನಕ ಓದುವುದಿಲ್ಲ ಮೇಡಂ, ಎಂತ ಮಾಡುವುದು?" ಅಂತ ಕೇಳಿದ್ದೀ. ಪ್ರಶ್ನೆಯೂ ಉತ್ತರವೂ ಒಂದೇ ಕವರಿನಲ್ಲಿತ್ತು ಮಾರಾಯ್ತಿ.

ಸಣ್ಣಪುಟ್ಟದ್ದು ಮೊದಲು ಮುಗಿಸಿಬಿಡೋಣ. ಶೀರ್ಷಿಕೆ ಹೇಗಿರಬೇಕು, ಎಷ್ಟು ಪದ ಇರಬೇಕು, ಫೋಟೊ ಎಲ್ಲಿ ಹಾಕಬೇಕು ಅಂತೆಲ್ಲ ಕೇಳಿದ್ದೀ. ಶೀರ್ಷಿಕೆ ಕೊನೆಗೆ ಇಡು. ಪ್ಯಾರಾ ಉದ್ದ ಆದರೆ ಒಡೆ. ಅಲ್ಪಪ್ರಾಣ ಮಹಾಪ್ರಾಣ ಸರಿ ಮಾಡು, 'ಅಬ್ಬಿಪ್ರಾಯ' ನೋಡಿ ನನ್ನ ಹೊಸ ಕಣ್ಣೇ ನೊಂದಿತು. ಇಷ್ಟೇ. ಇದನ್ನೆಲ್ಲ ಯಾರು ಬೇಕಾದರೂ ಹೇಳಿಕೊಡುತ್ತಾರೆ.

ಈಗ ನಿನ್ನ ಲೇಖನ. ಜಿಐ ಟ್ಯಾಗ್ ಸಿಕ್ಕ ಉಡುಪಿ ಮಲ್ಲಿಗೆ ಅಂತ ಶುರು. ಆಮೇಲೆ ಘಮ. ಅದರ ಮೇಲೆ ಮುಂಜಾವಿನ ಇಬ್ಬನಿ, ಅಮ್ಮನ ಬೆರಳುಗಳ ಮಾಂತ್ರಿಕತೆ, ಮತ್ತೆ ಘಮ. ಎಣಿಸಿದೆ, 'ಘಮ' ಹನ್ನೊಂದು ಸಲ ಬಂದಿದೆ. ಮಲ್ಲಿಗೆ ಘಮಘಮ ಅನ್ನುತ್ತದೆ ಅಂತ ನನಗೂ ಗೊತ್ತು ಮಗಳೇ, ಬಸ್ಸಿನಲ್ಲಿ ಮುಂದಿನ ಸೀಟಿನವರು ಮುಡಿದು ಕೂತರೆ ಸಾಕು. ಓದುವವರು ನಡುವೆ ಬಿಟ್ಟು ಹೋಗುವುದು ಲೇಖನ ಉದ್ದ ಆಯ್ತು ಅಂತಲ್ಲ. ಮುಂದಿನ ಸಾಲು ಎಂತದ್ದು ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ, ಅದಕ್ಕೆ.

ಪತ್ರದಲ್ಲಿ ಎಂತ ಬರೆದಿದ್ದೀ ನೋಡು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರು ನೆನೆ ಹಾಕಿ, ಕಾಲೇಜಿಗೆ ಹೊರಡುವ ಮೊದಲು ನಿನ್ನ ಪಾಲಿನದ್ದನ್ನು ಕಟ್ಟಿ ಮುಗಿಸಬೇಕು, ಅದಕ್ಕೇ ಬರೆಯಲು ಟೈಮ್ ಸಿಗುವುದಿಲ್ಲ ಅಂತ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂ. ಬೆಂಗಳೂರಿನಲ್ಲಿ ಮೊಳ, ಮಾರು ಅಂತ ಹೂ ಕೊಳ್ಳುವವರಿಗೆ ಈ ಲೆಕ್ಕ ಗೊತ್ತೇ ಇಲ್ಲ. ಹೂ ಮಾರುವ ಕಟ್ಟೆಯಲ್ಲಿ ದಿನಕ್ಕೊಂದು ರೇಟು. ಮದುವೆ, ನೇಮ, ಹಬ್ಬ ಒಟ್ಟಿಗೆ ಬಂದರೆ ಏರುತ್ತದೆ, ಇಲ್ಲದಿದ್ದರೆ ಜರ್ರಂತ ಇಳಿಯುತ್ತದೆ. ಮೊಗ್ಗು ನಾಳೆಗೆ ಕಾಯುವುದಿಲ್ಲ, ಅರಳಿಬಿಡುತ್ತದೆ, ಹಾಗಾಗಿ ಇವತ್ತಿನ ರೇಟಿಗೆ ಇವತ್ತೇ ಕೊಡಬೇಕು. ನಿನ್ನ ಅಮ್ಮ ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ಆಯಾ ದಿನದ ಅಟ್ಟೆ, ಚೆಂಡು, ರೇಟು ಪೆನ್ಸಿಲಿನಲ್ಲಿ ಬರೆದಿಡುತ್ತಾರೆ. ರೇಟು ತೀರಾ ಇಳಿದ ದಿನ ಚೌಕ ಖಾಲಿ ಬಿಡುತ್ತಾರೆ.

ಹಾಲು ಉಕ್ಕಿದ್ದು ಈ ಖಾಲಿ ಚೌಕದ ಹತ್ತಿರ. ಲೇಖನದಲ್ಲಿ ಕ್ಯಾಲೆಂಡರ್ ಎಲ್ಲಿದೆ? ಇಲ್ಲವೇ ಇಲ್ಲ. ಅದನ್ನು ಬಿಟ್ಟು 'ಶ್ವೇತಸುಂದರಿ' ಅಂತ ಬರೆದಿದ್ದೀ. ಸಿಟ್ಟು ಬಂತು ನನಗೆ.

ಸಿಟ್ಟು ನಿನ್ನ ಮೇಲಲ್ಲ. ನಾನೂ ಇದನ್ನೇ ಮಾಡಿದವಳು.

ನನ್ನ ಅಪ್ಪ ಮಂಗಳೂರು ಬಂದರಿನಲ್ಲಿ ಒಂದು ಅಡಿಕೆ ಮಂಡಿಯ ರೈಟರ್. ಕಥೆ ಬರೆಯುವ ರೈಟರ್ ಅಲ್ಲ, ಲೆಕ್ಕ ಬರೆಯುವ ರೈಟರ್. ನಮ್ಮಲ್ಲಿ ಅಂಗಡಿ ಗುಮಾಸ್ತರಿಗೆ ಹಾಗೇ ಹೇಳುವುದು ನಿನಗೂ ಗೊತ್ತಿರಬೇಕು. ಅಡಿಕೆಯಲ್ಲಿ ಚಾಲಿ ಇಷ್ಟು ಗೋಣಿ, ಪಟೋರ ಇಷ್ಟು, ಕರಿಗೋಟು ಇಷ್ಟು ಅಂತ ದಿನವಿಡೀ ಕಿರ್ದಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ವರ್ಷ ಕ್ಯಾಶಿನಲ್ಲಿ 40 ರೂಪಾಯಿ ಕಮ್ಮಿ ಬಂತು. ಆ ಕಾಲದ 40. ಧಣಿ ಎಲ್ಲರ ಎದುರಿಗೆ ಮಾತಾಡಿದರು. ಅಪ್ಪ ತಿಂಗಳಿಗೆ 5 ರೂಪಾಯಿಯಂತೆ 8 ತಿಂಗಳು ಸಂಬಳದಲ್ಲಿ ಹಿಡಿಸಿದರು. ಆ 8 ತಿಂಗಳು ನಮ್ಮ ಮನೆಗೆ ಬೂತಾಯಿ ಬಿಟ್ಟರೆ ಬೇರೆ ಮೀನು ಬಂದದ್ದು ನೆನಪಿಲ್ಲ. ಆಮೇಲೆ ಗೊತ್ತಾಯಿತು, ಧಣಿಯೇ ಯಾರಿಗೋ ಕೊಟ್ಟು ಲೆಕ್ಕದ ಚೀಟಿ ಬರೆದಿಡಲು ಮರೆತಿದ್ದರು. ದುಡ್ಡು ವಾಪಸು ಬಂತು. ಮಾತು ವಾಪಸು ಬರಲಿಲ್ಲ.

ಅಪ್ಪ ತೀರಿದ ವರ್ಷ ನಾನು ಅವರ ಬಗ್ಗೆ ಒಂದು ಲೇಖನ ಬರೆದೆ. ಪೇಪರಿನಲ್ಲಿ ಬಂತು. ಅದರಲ್ಲಿ ಅಪ್ಪ ಕರ್ಮಯೋಗಿ, ಅವರ ಅಕ್ಷರ ಮುತ್ತು, ಬಂದರಿನ ಸಂಜೆಗೆ ಚಿನ್ನದ ಬಣ್ಣ. 40 ರೂಪಾಯಿ ಇಲ್ಲ. ಧಣಿ ಆಗ ಬದುಕಿದ್ದರು, ಹೆದರಿಕೆ ಒಂದು. ಅಪ್ಪನ ಮರ್ಯಾದೆ ಅಂತ ಇನ್ನೊಂದು. ಮೂರನೆಯದ್ದನ್ನು ಹೇಳಲು ಈಗಲೂ ನಾಚಿಕೆ ಆಗುತ್ತದೆ: ಚಂದದ ಲೇಖನದಲ್ಲಿ ಆ 40 ರೂಪಾಯಿ ಚಂದ ಕಾಣುವುದಿಲ್ಲ ಅನ್ನಿಸಿತ್ತು. ಕಾರ್ಡುಗಳು ಬಂದವೋ ಬಂದವು. ಕಣ್ಣು ತುಂಬಿ ಬಂತು, ಅದ್ಭುತ, ಹೀಗೇ ಬರೆಯುತ್ತಿರಿ. ಒಂದು ಬಿಸ್ಕಿಟ್ ಡಬ್ಬಿ ತುಂಬ ಇಟ್ಟುಕೊಂಡಿದ್ದೆ. ಎರಡು ವರ್ಷ ಅದೇ ಅಮಲಿನಲ್ಲಿ ಅದೇ ತರ ಬರೆದೆ.

ಮತ್ತೊಂದು ದಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ, ಮಂಡಿಯಲ್ಲಿ ಗೋಣಿ ಹೊರುತ್ತಿದ್ದ ಒಬ್ಬರು ಸಿಕ್ಕಿದರು. ವಯಸ್ಸಾಗಿತ್ತು, ಭುಜ ಒಂದು ಕಡೆ ಇಳಿದಿತ್ತು. ಮಗನ ಹತ್ತಿರ ನನ್ನ ಲೇಖನ ಓದಿಸಿದ್ದರಂತೆ. ಒಳ್ಳೆಯದಾಗಿದೆ ಅಂದರು. ಸ್ವಲ್ಪ ಹೊತ್ತು ಬಸ್ಸು ನೋಡುತ್ತಾ ನಿಂತರು. ಆಮೇಲೆ ತುಳುವಿನಲ್ಲಿ, ಮೆತ್ತಗೆ, ಆ 40 ರೂಪಾಯಿ ವಿಷಯ ಯಾಕೆ ಬರೆಯಲಿಲ್ಲ ಅಂತ ಕೇಳಿದರು. ನನ್ನ ಬಸ್ಸು ಬಂತು, ಹತ್ತಿದೆ. ಉತ್ತರ ಕೊಡಲಿಲ್ಲ. 35 ವರ್ಷ ಆಯ್ತು, ಈಗ ಕೊಡೋಣ ಅಂದರೆ ಅವರಿಲ್ಲ.

ಡಬ್ಬಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ನಿನ್ನ ಕ್ಲಾಸಿನವರು ಈ ಲೇಖನಕ್ಕೆ 'ಸೂಪರ್' ಅಂದರಂತೆ. ಒಬ್ಬಳನ್ನು ಹಿಡಿದು, ಯಾವ ಸಾಲು ಸೂಪರ್ ಅಂತ ಕೇಳು ನೋಡುವಾ. ಹೊಗಳಿದವರೆಲ್ಲ ಓದಿದವರಲ್ಲ, ಅಲ್ವಾ?

ನಿನಗೆ ಬೇಕಾದದ್ದು ನಡುವೆ ಬಾಯಿ ಹಾಕುವವರು. ನಮ್ಮ ನಂದಳಿಕೆಯ ಕವಿ ಮುದ್ದಣ, ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, 1901ರಲ್ಲಿ, 31 ವರ್ಷಕ್ಕೇ ಹೋಗಿಬಿಟ್ಟರು. 'ರಾಮಾಶ್ವಮೇಧ'ದಲ್ಲಿ ಅವರು ಕಥೆ ಹೇಳುವಾಗ ಹೆಂಡತಿ ಮನೋರಮೆ ಸುಮ್ನೆ ಕೂತು ತಲೆ ಆಡಿಸುವುದಿಲ್ಲ. ತಡೆಯುತ್ತಾಳೆ, ಚುಚ್ಚುತ್ತಾಳೆ, ಸಂಸ್ಕೃತ ಜಾಸ್ತಿ ಆದರೆ ಅರ್ಥ ಆಗಲಿಲ್ಲ ಅಂತ ಮುಖಕ್ಕೇ ಹೇಳುತ್ತಾಳೆ. ಕಥೆಗಿಂತ ಜಾಸ್ತಿ ನಮಗೆ ಇವತ್ತು ನೆನಪಿರುವುದು ಅವಳ ಆ ತಕರಾರು. ನಿನಗೆ ಮನೆಯಲ್ಲೇ ಒಬ್ಬರು ಇದ್ದಾರೆ. ಅಮ್ಮ ಹೂ ಕಟ್ಟುವಾಗ ಎದುರಿಗೆ ಕೂತು ಗಟ್ಟಿಯಾಗಿ ಓದು. 'ಬೆರಳುಗಳ ಮಾಂತ್ರಿಕತೆ' ಬಂದಾಗ ಅವರು ಎಂತ ಹೇಳುತ್ತಾರೆ ಕೇಳಿಸಿಕೋ. ನಾರು ಎಳೆದೆಳೆದು ಬೆರಳಿನ ಸಂದಿ ಒಡೆದದ್ದು ಮಾಂತ್ರಿಕತೆಯಾ ಅಂತ ಕೇಳಿದರೆ, ಆ ಪ್ರಶ್ನೆಯನ್ನೇ ಬರೆದುಕೋ.

ಕ್ಯಾಲೆಂಡರಿನ ವಿಷಯ ಮಾತ್ರ ಅವರನ್ನು ಕೇಳಿಯೇ ಬರಿ. ಬೇಡ ಅಂದರೆ ಬೇಡ, ಒತ್ತಾಯ ಮಾಡಬೇಡ, ನನ್ನ ಹೆಸರು ಹೇಳಿಯೂ ಒತ್ತಾಯ ಮಾಡಬೇಡ. ಬೇರೆ ಏನಾದರೂ ಬರೆಯುವಿಯಂತೆ. ಆದರೆ ಖಾಲಿ ಚೌಕದ ಮೇಲೆ ಘಮ ಸುರಿಯಬೇಡ.

ಲೇಖನ ವಾಪಸು ಕಳಿಸಿದ್ದೇನೆ. ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದು ಜಾಸ್ತಿಯೇ ಆಯ್ತು, ಅಳಬೇಡ, ಇಲ್ಲ, ಅತ್ತರೂ ಪರವಾಗಿಲ್ಲ. ನಿನ್ನ ಪತ್ರವನ್ನೂ ವಾಪಸು ಕಳಿಸುತ್ತಿದ್ದೇನೆ. ಅದರಲ್ಲಿ ಒಂದು ಅಕ್ಷರ ಮುಟ್ಟಿಲ್ಲ. ಎರಡನೇ ಪುಟದ ನಡುವಿನಿಂದ, "ಅಮ್ಮ ಪೆನ್ಸಿಲನ್ನು ದಾರ ಕಟ್ಟಿ ಮೊಳೆಗೆ ನೇತು ಹಾಕಿದ್ದಾರೆ" ಅಂತ ಉಂಟಲ್ಲ, ಅಲ್ಲಿಂದ ಶುರು ಮಾಡಿ ನೋಡು.

ಮುಂದಿನ ಸಲ ಬರೆಯುವಾಗ ಆವತ್ತು ಅಟ್ಟೆಗೆ ಎಷ್ಟಾಯಿತು ಅಂತ ಮೇಲ್ಗಡೆ ತಾರೀಕಿನ ಪಕ್ಕದಲ್ಲಿ ಬರಿ. ನನ್ನ ತಂಗಿ ಮಗಳ ಮದುವೆ ಹತ್ತಿರ ಬಂತು, ನನಗೂ ಬೇಕು.

ನಿನ್ನ,
ರೈಟರ ಮಗಳು