‘ಚೆನ್ನಾಗಿತ್ತು’ ಎಂದು ಬರೆದು ಸುಮ್ಮನಾಗದವರಿಗೆ ಧನ್ಯವಾದ

ಅಮೆರಿಕದ ವೃತ್ತಿ ವಿನಿಮಯ ಪ್ರವಾಸ ಮುಗಿಸಿ ತಂಡ ಊರಿಗೆ ಮರಳಿದೆ. ಹೊರಡುವ ಮುಂಚೆ ನಾವು ಕೊಟ್ಟ ತರಬೇತಿಯ ಬಗ್ಗೆ ಬಂದಷ್ಟೂ ಅಭಿಪ್ರಾಯ ಓದಿ, ಕೈಪಿಡಿ ತಿದ್ದಿ ಮುಗಿಸಿದ್ದೇವೆ. ಪಾಠ ಹೇಳಿದವರಿಂದ ಪಾಠ ಕೇಳಿದವರಿಗೆ ಈ ಕೃತಜ್ಞತೆ. ಅದರಲ್ಲೂ ಮುಲಾಜಿಲ್ಲದೆ ಬರೆದವರಿಗೆ ಒಂದು ತೂಕ ಹೆಚ್ಚು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಇಂಥ ಪ್ರವಾಸಕ್ಕೆ ನಾವು ಇಟ್ಟುಕೊಂಡಿರುವ ಅಚ್ಚು ರೋಟರಿ ಸೇವಾ ಕ್ಲಬ್ಬುಗಳ ಪ್ರತಿಷ್ಠಾನ 1965ರಲ್ಲಿ ಶುರುಮಾಡಿದ ಗ್ರೂಪ್ ಸ್ಟಡಿ ಎಕ್ಸ್‌ಚೇಂಜ್‌ನದು. ರೋಟರಿ ಸದಸ್ಯರಾದ ಒಬ್ಬ ನಾಯಕ, ಸದಸ್ಯರಲ್ಲದ 25ರಿಂದ 40 ವರ್ಷದೊಳಗಿನ ನಾಲ್ವರು ವೃತ್ತಿಪರರು, ನಾಲ್ಕರಿಂದ ಆರು ವಾರ, ವಾಸ ಆತಿಥೇಯರ ಮನೆಗಳಲ್ಲಿ. ಆ ಕಾರ್ಯಕ್ರಮ 2013ರಲ್ಲಿ ನಿಂತಿತು. ಈಗ ವೃತ್ತಿ ತರಬೇತಿ ತಂಡಗಳು ಹೋಗುತ್ತವೆ. ದಿನಚರಿ ಮಾತ್ರ ಹೆಚ್ಚು ಬದಲಾಗಿಲ್ಲ: ಕೆಲವು ದಿನಕ್ಕೊಂದು ಹೊಸ ಮನೆ, ಹಗಲು ಆಸ್ಪತ್ರೆ, ಶಾಲೆ, ಕಚೇರಿಗಳ ಭೇಟಿ, ನಡುವೆ ಅಲ್ಲಿನ ರೋಟರಿ ಕ್ಲಬ್ಬಿನಲ್ಲಿ ಭಾಷಣ.

ಮೊದಲ ಥ್ಯಾಂಕ್ಸ್, ಅಭಿಪ್ರಾಯ ಕೇಳುವ ಹಾಳೆಯನ್ನೇ ಬದಲಿಸಿ ಎಂದವರಿಗೆ. ತರಬೇತಿಯ ಕೊನೆಯ ಸಂಜೆ ಕಾಫಿ ಲೋಟದ ಜೊತೆ ಕೈಗಿಡುವ ಹಾಳೆಯಿಂದ ಏನೂ ತಿಳಿಯುವುದಿಲ್ಲ. ಪಾಠ ಮಾಡಿದವರೇ ಎದುರು ನಿಂತು ವಾಪಸ್ ಕೇಳುವಾಗ ಐದಕ್ಕೆ ಮೂರು ಕೊಡುವ ಧೈರ್ಯ ಯಾರಿಗಿದೆ? ತರಬೇತಿಯನ್ನು ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ದರು: ಹಿಡಿಸಿತೇ, ಕಲಿತರೇ, ಕಲಿತಂತೆ ನಡೆದರೇ, ಅದರಿಂದ ಫಲ ಸಿಕ್ಕಿತೇ. ನಮ್ಮ ಹಾಳೆ ಮೊದಲ ಮೆಟ್ಟಿಲಲ್ಲೇ ಕೂತುಬಿಟ್ಟಿತ್ತು. ಈ ಸಲ ಅದನ್ನು ಮೂರು ಕಂತು ಮಾಡಿದೆವು. ಕೊನೆಯ ಸಂಜೆ ಒಂದೇ ಪ್ರಶ್ನೆ: ಇನ್ನೂ ಯಾವುದಕ್ಕೆ ಭಯವಿದೆ? ಎರಡನೆಯದು ಪ್ರವಾಸದ ಹತ್ತನೇ ದಿನ, ವಾಟ್ಸಾಪ್‌ನಲ್ಲಿ ಎರಡು ನಿಮಿಷದ ಧ್ವನಿ ಸಂದೇಶ: ಬೇಕಾಗಿದ್ದು ಏನು ಹೇಳಿಕೊಟ್ಟಿರಲಿಲ್ಲ, ಹೇಳಿಕೊಟ್ಟಿದ್ದರಲ್ಲಿ ಏನು ಬೇಕಾಗಲಿಲ್ಲ? ಹತ್ತನೇ ದಿನವೇ ಯಾಕೆಂದರೆ, ಮೊದಲ ವಾರ ನಿದ್ದೆಗೆಟ್ಟ ತಲೆ. ಮೂರನೇ ವಾರ ಆಗುವಷ್ಟರಲ್ಲಿ ಮೊದಲ ದಿನದ ಸಣ್ಣ ಪರದಾಟ ಮರೆತೇಹೋಗಿರುತ್ತದೆ. ಮೂರನೆಯದು ಮರಳಿ ಆರು ವಾರಕ್ಕೆ, ಹೆಸರಿಲ್ಲದ ಹಾಳೆ, ಪಾಠ ಮಾಡದ ಒಬ್ಬರ ಕೈಗೆ.

ಹತ್ತನೇ ದಿನದ ಸಂದೇಶಗಳೇ ಕಣ್ಣು ತೆರೆಸಿದ್ದು. ಅಮೆರಿಕದ ಇತಿಹಾಸ, ಸಂಸ್ಕೃತಿ ಎಂದು ನಾವು ಅರ್ಧ ದಿನ ತೋರಿಸಿದ ಸ್ಲೈಡುಗಳ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಎಲ್ಲರೂ ಎತ್ತಿದ್ದು ಊಟ, ಬಚ್ಚಲು, ಫೋನು, ಮತ್ತು ಭಾಷಣದ ಹೊತ್ತು.

ಭಾಷಣದ ಲೆಕ್ಕ ನಾವು ಹಾಕಿದ್ದೇ ತಪ್ಪು. ಕ್ಲಬ್ಬಿನ ಸಭೆ ಊಟವೂ ಸೇರಿ ಸುಮಾರು ಒಂದು ಗಂಟೆ. ಅತಿಥಿಗಳಿಗೆ ಸಿಗುವುದು ಇಪ್ಪತ್ತು ನಿಮಿಷ. ಊಟಕ್ಕೆ ಬಂದವರು ಕೆಲಸಕ್ಕೆ ವಾಪಸ್ ಹೋಗಬೇಕು, ಗಂಟೆ ಹೊಡೆದರೆ ಎದ್ದುಬಿಡುತ್ತಾರೆ. ನಾವು ಅಭ್ಯಾಸ ಮಾಡಿಸಿದ್ದು ಒಬ್ಬೊಬ್ಬರಿಗೆ ಹತ್ತು ನಿಮಿಷ. ಮೊದಲಿನವರು ತಮ್ಮ ಹತ್ತನ್ನೂ ಬಳಸಿದರೆ ಕೊನೆಯವರಿಗೆ ಉಳಿಯುವುದು ನಮಸ್ಕಾರ ಹೇಳುವಷ್ಟು. ಹೊಸ ಲೆಕ್ಕ ಹೀಗಿದೆ: ನಾಯಕರಿಗೆ 2 ನಿಮಿಷ, ನಾಲ್ವರಿಗೆ ತಲಾ ಮೂರೂವರೆ, ಪ್ರಶ್ನೆಗೆ 4. ಒಟ್ಟು ಹನ್ನೆರಡು ಸ್ಲೈಡು, ಬಟನ್ ಒಬ್ಬರ ಕೈಯಲ್ಲಿ, ವಿಡಿಯೊ ಇಲ್ಲ. ವಿಡಿಯೊ ಓಡುತ್ತದೆ, ಧ್ವನಿ ಬರುವುದಿಲ್ಲ. ಅದನ್ನು ಸರಿಮಾಡುವುದರಲ್ಲೇ ಒಬ್ಬರ ಪಾಲಿನ ನಿಮಿಷ ಮುಗಿಯುತ್ತದೆ. ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ಪ್ರತಿಯೊಂದು ಇರಲೇಬೇಕು.

ಸಂಖ್ಯೆಗಳ ಬಗ್ಗೆ ಬಂದ ಟಿಪ್ಪಣಿಗೂ ನಾವು ಋಣಿ. ಕರ್ನಾಟಕದ ಜನಸಂಖ್ಯೆ 2011ರ ಗಣತಿಯಂತೆ ಆರು ಕೋಟಿ ಹನ್ನೊಂದು ಲಕ್ಷ ಎಂದರೆ ಸಭೆ ಮಿಕಮಿಕ ನೋಡುತ್ತದೆ. 61 ಮಿಲಿಯನ್ ಎಂದರೆ ಹುಬ್ಬೇರಿಸುತ್ತದೆ. ಲಕ್ಷ, ಕೋಟಿ, ತಾಲ್ಲೂಕು, ಅಂಗನವಾಡಿ, ಆಶಾ ಕಾರ್ಯಕರ್ತೆ, ಪಿಯುಸಿ ಈ ಆರನ್ನೂ ತಲಾ ಒಂದೊಂದು ವಾಕ್ಯದಲ್ಲಿ ಬಿಡಿಸಿ ಹೇಳುವ ಅಭ್ಯಾಸ ಈಗ ಪಾಠದ ಭಾಗ.

ಊಟದ ವಿಚಾರಕ್ಕೆ ಬಂದರೆ, ನಮ್ಮ ಅರ್ಜಿಯಲ್ಲಿ ವೆಜ್, ನಾನ್‌ವೆಜ್ ಎಂಬ ಎರಡೇ ಚೌಕ ಇದ್ದವು. ಅದು ಏನೇನೂ ಸಾಲದು. ಅಲ್ಲಿ ಸಸ್ಯಾಹಾರಿ ಎಂದರೆ ಮೀನು ತಿನ್ನಬಹುದು ಎಂದುಕೊಳ್ಳುವವರಿದ್ದಾರೆ. ತರಕಾರಿ ಸೂಪಿನ ತಳದಲ್ಲಿ ಕೋಳಿ ಬೇಯಿಸಿದ ನೀರು ಇರಬಹುದು, ಮೆಕ್ಸಿಕನ್ ಹೋಟೆಲಿನ ಹುರಿದ ಬೀನ್ಸ್‌ನಲ್ಲಿ ಹಂದಿ ಕೊಬ್ಬು, ಜೆಲ್ಲೊ ಮತ್ತು ಮಾರ್ಷ್‌ಮೆಲೊ ಎಂಬ ಸಿಹಿತಿನಿಸುಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಈಗಿನ ಅರ್ಜಿ ಬಿಡಿಬಿಡಿಯಾಗಿ ಕೇಳುತ್ತದೆ: ಮೊಟ್ಟೆ ಆಗುತ್ತದೆಯೇ? ಕೇಕಿನೊಳಗಿನ ಮೊಟ್ಟೆ? ಈರುಳ್ಳಿ, ಬೆಳ್ಳುಳ್ಳಿ? ಕೋಳಿ ಸರಿ, ದನ–ಹಂದಿ ಬೇಡವೇ? ಮಾಂಸ ಹುರಿದ ಬಾಣಲೆಯಲ್ಲಿ ಮಾಡಿದ್ದು ನಡೆಯುತ್ತದೆಯೇ? ಬೆಳಿಗ್ಗೆ ಏನು ತಿಂದರೆ ಸಮಾಧಾನ? ‘ಅಡ್ಜಸ್ಟ್ ಮಾಡ್ಕೋತೀನಿ’ ಎಂದು ಬರೆದ ಅರ್ಜಿ ವಾಪಸ್ ಬರುತ್ತದೆ. ಆ ಮಾತು ನಮ್ಮಲ್ಲಿ ಸೌಜನ್ಯ. ಅದನ್ನು ಇಟ್ಟುಕೊಂಡು ಅಂಗಡಿಗೆ ಹೋಗುವ ಮನೆಯೊಡತಿಗೆ ಏನು ಕೊಳ್ಳಬೇಕೆಂದು ಗೊತ್ತಾಗುವುದಿಲ್ಲ.

ಇದರ ಬೆನ್ನಿಗೇ ಇನ್ನೊಂದು. ‘ಇನ್ನೊಂದು ಚೂರು ಹಾಕಲಾ?’ ಎಂದಾಗ ಬೇಡ ಬೇಡ ಎನ್ನುವುದು, ಮೂರನೇ ಸಲಕ್ಕೆ ತಟ್ಟೆ ಚಾಚುವುದು ನಮ್ಮ ಮನೆಗಳ ರೂಢಿ. ಅಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ, ಪಾತ್ರೆ ಒಳಗೆ ಹೋಗುತ್ತದೆ. ಹಸಿದೇ ಮಲಗಿದ್ದನ್ನು ಹತ್ತನೇ ದಿನವಾದರೂ ಬಾಯಿಬಿಟ್ಟು ಹೇಳಿದಿರಲ್ಲ, ಅದಕ್ಕೆ ನಮಸ್ಕಾರ. ಮೊದಲ ಸಲವೇ ಹೌದು ಎನ್ನುವುದನ್ನು ಈಗ ತಟ್ಟೆ, ಸೌಟು ಇಟ್ಟುಕೊಂಡೇ ಅಭ್ಯಾಸ ಮಾಡಿಸುತ್ತೇವೆ. ನಗು ಬರುತ್ತದೆ, ಆದರೆ ನೆನಪಿರುತ್ತದೆ.

ಮನೆಯೊಳಗಿನ ವಿಷಯ ಬರೆಯಲು ಸಂಕೋಚಪಟ್ಟವರೇ ಹೆಚ್ಚು, ಉಪಯೋಗವಾಗಿದ್ದೂ ಅದೇ ಹೆಚ್ಚು. ಶವರ್ ಪರದೆಯ ಕೆಳ ಅಂಚು ಟಬ್ಬಿನ ಒಳಗಿರಬೇಕು. ಅಲ್ಲಿನ ಬಚ್ಚಲ ನೆಲದಲ್ಲಿ ನೀರು ಹೋಗಲು ಕಿಂಡಿ ಇರುವುದು ಅಪರೂಪ. ಹೊರಗೆ ಚೆಲ್ಲಿದ ನೀರು ಮರದ ನೆಲಕ್ಕೆ ಇಳಿದು ಕೆಳಗಿನ ಕೋಣೆಯ ಚಾವಣಿಯಲ್ಲಿ ಕಲೆಯಾಗಿ ಕಾಣುತ್ತದೆ. ಬಕೆಟ್ಟು, ಚೊಂಬು ಇರುವುದಿಲ್ಲ, ಪ್ಲಾಸ್ಟಿಕ್ ಮಗ್ ಒಂದು ಇಟ್ಟುಕೊಳ್ಳಿ. ಅವರಿಗೆ ಸಾರು ಮಾಡಿ ಬಡಿಸುವ ಉತ್ಸಾಹ ಒಳ್ಳೆಯದೇ, ಆದರೆ ಒಗ್ಗರಣೆಗೆ ಸಾಸಿವೆ ಹಾಕುವ ಮುಂಚೆ ಒಲೆಯ ಮೇಲಿನ ಫ್ಯಾನು ಹಾಕಿ, ಕಿಟಕಿ ತೆಗೆಯಿರಿ. ಒಣಮೆಣಸಿನಕಾಯಿ ಸೀದರೆ ಹೊಗೆಯ ಅಲಾರಾಂ ಮನೆಯವರನ್ನೆಲ್ಲ ಅಡುಗೆಮನೆಗೆ ಕರೆಸುತ್ತದೆ. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯಲ್ಲಿ ಕೂರುವ ನೂಲಿನ ಧೂಳನ್ನು ಪ್ರತಿ ಸಲ ತೆಗೆಯಬೇಕು, ಅದಕ್ಕೆ ಬೆಂಕಿ ಹಿಡಿಯುತ್ತದೆ. ರೇಷ್ಮೆ ಸೀರೆಯನ್ನು ಆ ಯಂತ್ರದ ಹತ್ತಿರವೂ ಒಯ್ಯಬೇಡಿ.

ಇಲ್ಲಿಂದ ಕೆಟಲ್ ಒಯ್ದವರು ಕೇಳಿದ ಪ್ರಶ್ನೆಗೆ ಉತ್ತರ: ಅದು ಕೆಟ್ಟಿರಲಿಲ್ಲ. ಅಲ್ಲಿನ ವಿದ್ಯುತ್ 120 ವೋಲ್ಟ್. 230 ವೋಲ್ಟಿಗೆ ಮಾಡಿದ ಕೆಟಲ್ ಅಲ್ಲಿ ಕೊಡುವ ಶಾಖ ಇಲ್ಲಿನದರ ಕಾಲು ಭಾಗಕ್ಕಿಂತ ಚೂರು ಹೆಚ್ಚು, ಅಷ್ಟೇ. 100–240 ಎಂದು ಬರೆದಿರುವ ಚಾರ್ಜರ್‌ಗಳಿಗೆ ಪಿನ್ ಬದಲಿಸಿದರೆ ಸಾಕು.

ಕಾಗದಪತ್ರದಲ್ಲಿ ನಮ್ಮ ಕಡೆಯವರನ್ನೇ ಹೆಚ್ಚು ಕಾಡುವುದು ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರರ್ಥ. ಟಿಕೆಟ್ಟು, ವಿಮೆ, ಆಹ್ವಾನ ಪತ್ರ ಮೂರರಲ್ಲಿ ಮೂರು ಬಗೆಯ ಹೆಸರಿದ್ದರೆ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ಟಿಕೆಟ್ ಮಾಡಿಸುವ ಮೊದಲು ಎಲ್ಲವನ್ನೂ ಪಾಸ್‌ಪೋರ್ಟಿನ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಅಲ್ಲಿ ಇಳಿದ ಮೇಲೆ ಐ–94 ಎಂಬ ಪ್ರವೇಶ ದಾಖಲೆಯನ್ನು ಆನ್‌ಲೈನ್‌ನಲ್ಲಿ ತೆಗೆದು ನೋಡಿ. ಎಷ್ಟು ದಿನ ಇರಬಹುದು ಎನ್ನುವುದು ಅದರಲ್ಲಿರುತ್ತದೆ. ವೀಸಾದ ಕೊನೆಯ ದಿನಾಂಕಕ್ಕೂ ಅದಕ್ಕೂ ಸಂಬಂಧವಿಲ್ಲ. ಜೆ–1 ಎಂಬ ವಿನಿಮಯ ವೀಸಾದವರ ವಿಮೆ ಒಂದು ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ಕೊಡುವಂತಿರಬೇಕು.

ಫೋನಿನ ದೂರು ಎಲ್ಲರದ್ದೂ ಒಂದೇ: ಬ್ಯಾಂಕಿನ ಓಟಿಪಿ ಬರಲಿಲ್ಲ. ಅಲ್ಲಿನ ಸಿಮ್ ಹಾಕಲು ಇಲ್ಲಿನದನ್ನು ತೆಗೆದು ಪರ್ಸಿಗೆ ಸೇರಿಸಿದರೆ ಓಟಿಪಿ ಎಲ್ಲಿಗೆ ಬರಬೇಕು? ಎರಡು ಸಿಮ್ಮಿನ ಫೋನ್ ಒಯ್ಯಿರಿ, ಇಲ್ಲಿನ ಸಿಮ್ಮಿಗೆ ರೋಮಿಂಗ್ ಅನ್ನು ಇಲ್ಲಿಂದಲೇ ಹಾಕಿಸಿ, ಅದರ ಡೇಟಾ ಮಾತ್ರ ಆಫ್ ಮಾಡಿಡಿ. ಕಾರ್ಡಿನ ಕತೆಯೂ ಹಾಗೇ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡು ದೇಶದೊಳಗಷ್ಟೇ ನಡೆಯುತ್ತದೆ; ವಿದೇಶದ ಬಳಕೆಯನ್ನು ನಾವೇ ಆನ್ ಮಾಡಬೇಕು. ಹೊರಡುವ ವಾರ ಮುಂಚೆ ಮಾಡಿ, ವಿಮಾನ ನಿಲ್ದಾಣದಲ್ಲಲ್ಲ.

ವೃತ್ತಿ ಭೇಟಿಗಳ ಬಗ್ಗೆ ಬಂದ ಟೀಕೆ ಸ್ವಲ್ಪ ಚುಚ್ಚಿತು, ನ್ಯಾಯವಾಗಿಯೇ ಚುಚ್ಚಿತು. ‘ಆಸ್ಪತ್ರೆ ನೋಡಬೇಕು’ ಎಂದು ನಾವು ಬರೆದುಕೊಟ್ಟರೆ ಅವರು ಕಟ್ಟಡ ತೋರಿಸುತ್ತಾರೆ: ಲಾಬಿ, ಹೊಸ ಯಂತ್ರ, ಫೋಟೊ, ಕಾಫಿ. ‘ರೋಗಿಯನ್ನು ಮನೆಗೆ ಕಳಿಸುವಾಗ ನರ್ಸ್ ಏನೇನು ಹೇಳಿಕೊಡುತ್ತಾರೆ ಎಂದು ಬೆಳಿಗ್ಗೆ 8ರಿಂದ 12ರವರೆಗೆ ಪಕ್ಕದಲ್ಲಿ ನಿಂತು ನೋಡಬೇಕು’ ಎಂದು ಎರಡು ತಿಂಗಳು ಮುಂಚೆ ಬರೆದರೆ ಅದಕ್ಕೆ ಬೇಕಾದ ಅನುಮತಿ ತೆಗೆಯಲು ಅವರಿಗೆ ಸಮಯ ಸಿಗುತ್ತದೆ. ರೋಗಿಯ ಮಾಹಿತಿ ಕಾಪಾಡುವ 1996ರ ಹಿಪಾ ಕಾನೂನು ಅಲ್ಲಿ ಬಿಗಿ. ಫೋನನ್ನು ಬ್ಯಾಗಿನಲ್ಲೇ ಬಿಡಬೇಕು. ಶಾಲೆಯಲ್ಲೂ ಮಕ್ಕಳ ಫೋಟೊ ಬೇಡ. ಮುಂದಿನ ತಂಡದ ಪ್ರತಿಯೊಬ್ಬರೂ ಇಂಥ ಮೂರು ವಾಕ್ಯ ಬರೆದ ಮೇಲೆಯೇ ಉಳಿದ ತರಬೇತಿ.

ವಾರಕ್ಕೆ ಅರ್ಧ ದಿನವಾದರೂ ಏನೂ ಇಲ್ಲದೆ ಬಿಡಿ ಎಂದ ಸಲಹೆಯನ್ನು ಆತಿಥೇಯರಿಗೆ ತಲುಪಿಸಿದ್ದೇವೆ. ಧ್ವನಿ ಸಂದೇಶಗಳನ್ನು ಕೇಳಿ ಬರೆದುಕೊಟ್ಟು, ಆಮೇಲೆ ಅಳಿಸಿದ ಸ್ವಯಂಸೇವಕರಿಗೂ, ಅಲ್ಲಿ ಮನೆ ಬಾಗಿಲು ತೆರೆದಿಟ್ಟ ಕುಟುಂಬಗಳಿಗೂ ವಂದನೆಗಳು.

ಮೂರನೇ ಕಂತಿನ ಎರಡು ಹಾಳೆ ಇನ್ನೂ ಬಂದಿಲ್ಲ. ಯಾರವು ಎಂದು ನಮಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಮುಂದಿನ ತಂಡದ ಮೊದಲ ತರಗತಿಯೊಳಗೆ ಕಳಿಸಿದರೆ ಅವೂ ಕೈಪಿಡಿಗೆ ಸೇರುತ್ತವೆ.